ನಲವತ್ತು ದಿನದ ಮೂಗು

ತರಬೇತಿಯ ಇಪ್ಪತ್ತಾರನೆಯ ದಿನ ಕೊಟ್ರಮ್ಮ ಮೊದಲ ಸಲ ಸುಳ್ಳು ಹೇಳಿದಳು.

ಮೇಜಿನ ಮೇಲೆ ಹತ್ತು ಗಾಜಿನ ಸೀಸೆಗಳಿದ್ದವು. ಕೆಲವುಗಳಲ್ಲಿ ಬರೀ ಗಾಳಿ, ಕೆಲವುಗಳಲ್ಲಿ ಗಾಳಿಯ ಜೊತೆ ಎಳ್ಳಷ್ಟು ಮೀಥೇನ್. ಒಂದೊಂದನ್ನೇ ಮೂಸಿ "ಐತೆ" ಅಥವಾ "ಇಲ್ಲ" ಅನ್ನಬೇಕು. ಜೊತೆಯ ಹನ್ನೊಂದು ಮಂದಿ ಒಂದು ವಾರದಿಂದ ಹತ್ತಕ್ಕೆ ಎಂಟೋ ಒಂಬತ್ತೋ ಸರಿಯಾಗಿ ಹೇಳುತ್ತಿದ್ದರು. ಕೊಟ್ರಮ್ಮನಿಗೆ ಮಾತ್ರ ಹತ್ತೂ ಸೀಸೆ ಒಂದೇ ತರ. ತೊಳೆದಿಟ್ಟ ಗಾಜಿನ ತಣ್ಣನೆಯ ವಾಸನೆ, ಅಷ್ಟೇ.

ಪೈಪಿನಲ್ಲಿ ಮನೆಗೆ ಬರುವ ಗ್ಯಾಸು ಬಹುಪಾಲು ಮೀಥೇನೇ; ಅದಕ್ಕೆ ಸ್ವಂತ ವಾಸನೆ ಇಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾವು ಗ್ಯಾಸ್ ವಾಸನೆ ಅನ್ನುವುದು, ಸೋರಿದರೆ ತಿಳಿಯಲಿ ಎಂದು ಕಂಪನಿಯವರು ಬೆರೆಸುವ ಬೇರೆಯದೇ ಒಂದು ನಾತ. ಆದರೆ ದಾವಣಗೆರೆ ಸುತ್ತಿನ ಎರೆಮಣ್ಣು ಆ ನಾತವನ್ನು ಕುಡಿದುಬಿಡುತ್ತಿತ್ತು. ನೆಲದಡಿಯ ಪೈಪು ಎಲ್ಲಾದರೂ ಸಣ್ಣಗೆ ಸೋರಿದರೆ, ಗ್ಯಾಸು ಮಣ್ಣಿನ ಬಿರುಕುಗಳಲ್ಲಿ ತೆವಳಿ, ವಾಸನೆಯನ್ನೆಲ್ಲ ಮಣ್ಣಿಗೆ ಬಿಟ್ಟುಕೊಟ್ಟು, ಯಾರದೋ ಮನೆಯ ತಳಕ್ಕೆ ಸದ್ದಿಲ್ಲದೆ ಬಂದು ಕೂರುತ್ತಿತ್ತು. ಹಿಂದಿನ ವರ್ಷ ಹಾಗೆ ಬಂದು ಕೂತ ಗ್ಯಾಸು ಒಂದು ಹೊಲಿಗೆ ಅಂಗಡಿಯನ್ನು ಗೋಡೆಸಮೇತ ಎತ್ತಿ ಬಿಸಾಡಿತ್ತು. ಒಳಗಿದ್ದ ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ. ಅವತ್ತು ಬೆಳಿಗ್ಗೆ ಅಂಗಡಿಯಲ್ಲಿ ಯಾರಿಗೂ ಯಾವ ವಾಸನೆಯೂ ಬಂದಿರಲಿಲ್ಲವಂತೆ.

ಡಾಕ್ಟರ್ ಮೆಹರುನ್ನಿಸಾ ಈ ಊರಿಗೆ ಬಂದದ್ದು ಅದಾದ ಮೇಲೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೊಂಡಿಗಳು ಸುಮಾರು ನಾನೂರು ಬಗೆಯವಿವೆ, ಮೀಥೇನ್ ಹಿಡಿಯುವಂಥದು ಒಂದೂ ಇಲ್ಲ. ನಾನೂರೊಂದನೆಯದನ್ನು ಬೆಳೆಸಿದರೆ ಹೇಗೆ? ಆಕೆ ತಯಾರಿಸಿದ ಔಷಧಿಯನ್ನು ದಿನಕ್ಕೆ ಎರಡು ಹನಿಯಂತೆ ಮೂಗಿಗೆ ಬಿಟ್ಟರೆ, ಮೂಗಿನ ಹಳೆಯ ಜೀವಕಣಗಳು ಉದುರಿ ಹೊಸವು ಹುಟ್ಟುವಾಗ ಈ ಹೊಸ ಕೊಂಡಿಯನ್ನೂ ಹೊತ್ತು ಹುಟ್ಟುತ್ತವೆ. ಅದು ಪೂರ್ತಿಯಾಗಲು ನಲವತ್ತು ದಿನ ಬೇಕು, ಅರ್ಧ ದಾರಿಯಲ್ಲೇ ವಾಸನೆ ಬರತೊಡಗುತ್ತದೆ. ಆದರೆ ಮೂಗು ಹುಟ್ಟಿದರೆ ಸಾಲದು, ಅದು ಹೇಳುವುದನ್ನು ತಲೆ ಕಲಿಯಬೇಕು. ಅದಕ್ಕೇ ಸೋರಿಕೆ ಮೂಸಿ ಹಿಡಿಯುವ ಕೆಲಸಕ್ಕೆ ಬಂದವರಿಗೆ ಈ ತರಬೇತಿ, ಈ ಸೀಸೆಗಳು.

ವಿಚಿತ್ರವೆಂದರೆ ಹೊಸ ವಾಸನೆ ಒಬ್ಬೊಬ್ಬರಿಗೂ ಒಂದೊಂದು ತರ. ಹಿಂದೆ ಆಟೋ ಓಡಿಸುತ್ತಿದ್ದ ಬಷೀರನಿಗೆ ಅದು ಚಪ್ಪಲಿ ಅಂಗಡಿಯ ವಾಸನೆ. ಇನ್ನೊಬ್ಬನಿಗೆ ಹಲಸಿನ ಹಣ್ಣು. "ತಲೆಗೆ ಹೊಸದು ಸಿಕ್ಕಾಗ ಹಳೇದೊಂದು ಹೆಸರು ಅಂಟಿಸುತ್ತೆ. ನಿಮಗೂ ಬರುತ್ತೆ, ಕಾಯಿರಿ," ಎಂದು ಮೆಹರುನ್ನಿಸಾ ಸಮಾಧಾನ ಹೇಳುತ್ತಿದ್ದರು.

ಕಾಯುವಷ್ಟು ತಾಳ್ಮೆ ತರಬೇತುದಾರ ಪಂಚಾಕ್ಷರಯ್ಯನವರಿಗೆ ಇರಲಿಲ್ಲ. ಮೂವತ್ತು ವರ್ಷ ಕೊಲ್ಲಿ ದೇಶಗಳ ಗ್ಯಾಸ್ ಸ್ಥಾವರಗಳಲ್ಲಿ ದುಡಿದು ಬಂದ ಮನುಷ್ಯ. ಈಗ ಗ್ಯಾಸ್ ಕಂಪನಿಯ ಕಂಟ್ರೋಲ್ ರೂಮೂ ಅವರದೇ, ತರಬೇತಿಯೂ ಅವರದೇ. "ಇಪ್ಪತ್ತೈದು ದಿನ ಆಯ್ತಮ್ಮ. ಇನ್ನೊಂದು ವಾರ ನೋಡ್ತೀನಿ. ಆಮೇಲೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ," ಎಂದಿದ್ದರು.

ಕೊಟ್ರಮ್ಮನಿಗೆ ಆ ಜಾಗ ಬೇಕಿತ್ತು. ಅವಳ ಗಂಡ ಹಾಲೇಶ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಒಲೆ ಮುಂದೆ ನಿಂತವನು. ಹಿಂದೆ ಭಟ್ಟಿಗೆ ಹಳೇ ಟೈರು ಸುಡುತ್ತಿದ್ದಾಗ ಕುಡಿದ ಹೊಗೆ ಅವನ ಎದೆಯಲ್ಲಿ ಇನ್ನೂ ಇತ್ತು. ಮಾತಾಡುವಾಗ ನಡುವೆ ಕೆಮ್ಮು ಬಂದರೆ ಮಾತು ಅಲ್ಲೇ ನಿಲ್ಲುತ್ತಿತ್ತು. ಕೊಟ್ರಮ್ಮನೂ ಅದೇ ಭಟ್ಟಿ ಸಾಲಿನಲ್ಲಿ ಎಂಟು ವರ್ಷ ಮಂಡಕ್ಕಿ ಜರಡಿ ಹಿಡಿದವಳು. ತನಗೆ ಈ ಕೆಲಸ ಸಿಕ್ಕರೆ ಅವನನ್ನು ಒಲೆ ಮುಂದಿನಿಂದ ಬಿಡಿಸಬಹುದು ಎಂಬುದು ಅವಳ ಲೆಕ್ಕಾಚಾರ.

ಇಪ್ಪತ್ತಾರನೆಯ ದಿನ ಅವಳು ಸೀಸೆ ಬಿಟ್ಟು ಪಂಚಾಕ್ಷರಯ್ಯನವರನ್ನು ನೋಡಿದಳು. ಮೂರನೆಯ ಸೀಸೆಯ ಮುಚ್ಚಳ ತೆಗೆಯುವಾಗ ಅವರು ಉಸಿರು ಬಿಗಿ ಹಿಡಿದರು. ನಾಲ್ಕನೆಯದಕ್ಕೆ ಹಿಡಿಯಲಿಲ್ಲ. ಐದನೆಯದಕ್ಕೆ ಮತ್ತೆ ಹಿಡಿದರು. ಯಾವುದರಲ್ಲಿ ಗ್ಯಾಸಿದೆ ಎಂದು ಅವರಿಗೆ ಗೊತ್ತಿತ್ತು; ಉಸಿರು ಹಿಡಿಯುವುದು ಮಾತ್ರ ಮೂವತ್ತು ವರ್ಷ ಗ್ಯಾಸಿನ ಜೊತೆ ಬಾಳಿದವರ ಮೈಗೆ ಅಂಟಿದ ಅಭ್ಯಾಸ, ಅದು ಅವರಿಗೇ ತಿಳಿದಿರಲಿಲ್ಲ.

"ಮೂರನೇದರಲ್ಲಿ ಐತೆ ಸರ್. ಐದನೇದರಲ್ಲಿ ಐತೆ," ಅಂದಳು ಕೊಟ್ರಮ್ಮ.

"ಅಂತೂ ಬಂತಲ್ಲ!" ಪಂಚಾಕ್ಷರಯ್ಯನವರ ಮುಖ ಅರಳಿತು. "ಏನು ವಾಸನೆ ಬಂತು?"

ಅದನ್ನು ಅವಳು ಯೋಚಿಸಿರಲಿಲ್ಲ. "ಹಸೀ ಕುಂಬಳಕಾಯಿ ಸರ್," ಅಂದುಬಿಟ್ಟಳು. ಬಾಯಿಗೆ ಬಂದದ್ದು ಅದು.

ಕೊನೆಯ ಪರೀಕ್ಷೆಯಲ್ಲೂ ಅವರ ಉಸಿರನ್ನೇ ನೋಡಿ ಹೇಳಿದಳು, ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ನೀಲಿ ಸಮವಸ್ತ್ರ, ಕೈಯಲ್ಲಿ ಹಿಡಿಯುವ ಮೀಟರು, ಬೀದಿಯ ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಕೊಟ್ಟು ಕಳಿಸಿದರು. ಹಾಲೇಶ ಸಮವಸ್ತ್ರವನ್ನು ಮುಟ್ಟಿ ಮುಟ್ಟಿ ನೋಡಿದ. ಅವಳು ಮುಖ ತಿರುಗಿಸಿಕೊಂಡಳು.

ಕೆಲಸ ಹೀಗಿತ್ತು: ಬಷೀರನ ಜೊತೆ ದಿನಾ ಆರು ಕಿಲೋಮೀಟರು ಪೈಪ್‌ಲೈನಿನ ಮೇಲೆ ನಡೆಯುವುದು. ಮೂಗಿಗೆ ಏನಾದರೂ ಬಡಿದರೆ ಮೀಟರು ಹಿಡಿಯುವುದು. ಮೀಟರು ತೋರಿಸಲಿ ಬಿಡಲಿ ಕಂಟ್ರೋಲ್ ರೂಮಿಗೆ ತಿಳಿಸುವುದು. ಅಲ್ಲಿಂದ ಬಂದವರು ಪರೀಕ್ಷಿಸಿ ಸೋರಿಕೆ ಇಲ್ಲ ಅಂದರೆ ಅದು ಸುಳ್ಳು ಕರೆ. ಐದು ಸುಳ್ಳು ಕರೆಯಾದರೆ ಕೆಲಸ ಹೋಯಿತು.

ಬಷೀರನ ಪಾಡು ಬೇರೆ. ಅವನಿಗೆ ಎಲ್ಲೆಲ್ಲೂ ಚಪ್ಪಲಿ ಅಂಗಡಿ. ಚರಂಡಿಯ ಕೆಸರಿನಲ್ಲೂ ಮೀಥೇನ್ ಹುಟ್ಟುತ್ತದೆ, ಎಮ್ಮೆ ತೇಗಿದರೂ ಬರುತ್ತದೆ. "ಎಮ್ಮೆ ಎದುರಿಗೆ ಬಂದ್ರೆ ಬಾಟಾ ಅಂಗಡೀನೇ ನಡ್ಕೊಂಡು ಬಂದಂಗಾಗುತ್ತಕ್ಕ," ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಚರಂಡಿಯದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದನ್ನು ಅವನು ನಿಧಾನವಾಗಿ ಕಲಿತ.

ಕೊಟ್ರಮ್ಮ ಅದೇ ಚರಂಡಿಯ ಪಕ್ಕ, ಅದೇ ಎಮ್ಮೆಯ ಪಕ್ಕ ನಿಂತು ಗುಟ್ಟಾಗಿ ಮೂಸುತ್ತಿದ್ದಳು. ಏನೂ ಇಲ್ಲ. ತನ್ನ ಮೂಗು ಸತ್ತಿದೆ ಎಂದು ಅವಳಿಗೆ ಖಚಿತವಾಯಿತು. ಯಾರದೋ ಮನೆ ಹಾರಿಹೋಗುವ ಮುಂಚೆ ಹೋಗಿ ನಿಜ ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಹೊರಡುತ್ತಿದ್ದಳು. ಸಂಜೆ ಹೇಳದೆ ಬರುತ್ತಿದ್ದಳು.

ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನ ಫೋಟೋಗೆ ಕಟ್ಟು ಹಾಕುವ ಅಂಗಡಿಯ ಸಂದಿಯಲ್ಲಿ ಹೋಗುವಾಗ ಹಸೀ ಕುಂಬಳಕಾಯಿಯ ವಾಸನೆ ಬಂತು.

ಅವಳು ನಿಂತುಬಿಟ್ಟಳು. ಆಗಷ್ಟೇ ಹೋಳು ಮಾಡಿದ ಕುಂಬಳಕಾಯಿಯ ತಿರುಳಿನ ವಾಸನೆ, ಸಂದೇಹವೇ ಇಲ್ಲ. ಸುತ್ತ ನೋಡಿದಳು: ಕುಂಬಳಕಾಯಿ ಇರಲಿಲ್ಲ. ಬಷೀರನಿಗೆ ಅಲ್ಲೂ ಚರಂಡಿಯ ಚಪ್ಪಲಿ ಅಂಗಡಿಯೇ. ಮೀಟರು ಸೊನ್ನೆ ತೋರಿಸಿತು. ಕರೆ ಹೋಯಿತು, ಪಂಚಾಕ್ಷರಯ್ಯನವರ ಕಡೆಯವರು ಬಂದರು, ನೆಲದ ಮೇಲೆಲ್ಲ ಮೀಟರು ಆಡಿಸಿ ಸೊನ್ನೆ ಎಂದು ಬರೆದುಕೊಂಡು ಹೋದರು. ಒಂದನೆಯ ಸುಳ್ಳು ಕರೆ. ಹಿಟ್ಟಿನ ಗಿರಣಿಯ ಮುಂದೆ ಎರಡನೆಯದು. ಛತ್ರದ ಹಿತ್ತಲಲ್ಲಿ ಮೂರನೆಯದು. ರೊಟ್ಟಿ ಮಾಡಿ ಮಾರುವ ಲೀಲಾವತಕ್ಕನ ಮನೆಯ ಮೆಟ್ಟಿಲ ಬಳಿ ನಾಲ್ಕನೆಯದು.

ಅವಳಿಗೆ ತಲೆ ಕೆಟ್ಟುಹೋಯಿತು. ಕುಂಬಳಕಾಯಿ ಎಂಬುದು ತಾನೇ ಕಟ್ಟಿದ ಸುಳ್ಳು. ಆ ಸುಳ್ಳೇ ಈಗ ಮೂಗಿಗೆ ಬರುತ್ತಿದೆ ಅಂದರೆ ಏನರ್ಥ? ಸಿಕ್ಕಿಬೀಳುವ ಭಯದಲ್ಲಿ ತಲೆಯೇ ವಾಸನೆ ಹುಟ್ಟಿಸುತ್ತಿದೆಯೋ? ಅಥವಾ ಮೂಗು ತಡವಾಗಿ ಹುಟ್ಟಿ, ತಲೆ ಕೈಗೆ ಸಿಕ್ಕ ಹೆಸರನ್ನು ಅಂಟಿಸಿಕೊಂಡಿತೋ? ಹಾಗಿದ್ದರೆ ಎಮ್ಮೆಯ ಪಕ್ಕ ಏಕೆ ಬರುವುದಿಲ್ಲ?

ಒಂದು ಭಾನುವಾರ ಮನೆಯಲ್ಲಿ ಬಟ್ಟೆ ಮಡಿಚುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ಓಡಿ ಒಲೆ ಆರಿಸಿದಳು, ಗೋಡೆಯ ವಾಲ್ವ್ ಬಂದ್ ಮಾಡಿದಳು, ಕಿಟಕಿ ತೆಗೆದಳು. ಅತ್ತೆ ಹೊನ್ನಮ್ಮ ಈಳಿಗೆ ಮಣೆಯ ಮುಂದೆ ಕೈ ಮೇಲೆತ್ತಿ ಕೂತೇ ಇದ್ದರು.

"ಏನವ್ವಾ, ಏನಾತು?"

"ವಾಸನೆ ಅತ್ತೆ, ಕುಂಬಳಕಾಯಿ..."

"ಕುಂಬಳಕಾಯಿ ಹೆಚ್ಚಿದ್ರೆ ಕುಂಬಳಕಾಯಿ ವಾಸನೆ ಬರ್ದೆ ಗುಲಾಬಿ ಹೂವಿಂದು ಬರುತ್ತಾ?" ಎಂದು ಹೊನ್ನಮ್ಮ ಹೋಳುಗಳನ್ನು ತೋರಿಸಿದರು. ಆಮೇಲೆ ಸೊಸೆಯ ಮುಖ ನೋಡಿ ದನಿ ತಗ್ಗಿಸಿ, "ಆ ಹನಿ ಬಿಟ್ಕೊಂಡ ಮೇಲಿಂದ ನೀನು ನೀನಾಗಿಲ್ಲ ನೋಡು," ಅಂದರು.

ಕೊಟ್ರಮ್ಮ ಬಾಗಿಲ ಬಳಿ ಕೂತು ಅತ್ತಳು. ಏಕೆ ಎಂದು ಹಾಲೇಶ ಕೇಳಿದಾಗ ಎದ್ದು ಮತ್ತೆ ಬಟ್ಟೆ ಮಡಿಚತೊಡಗಿದಳು.

ಭಟ್ಟಿ ಸಾಲಿನಲ್ಲಿ ಮೂವತ್ತೆರಡು ಭಟ್ಟಿಗಳಿದ್ದವು. ಎಲ್ಲವೂ ಆ ವರ್ಷ ಟೈರು ಸುಡುವುದು ಬಿಟ್ಟು ಗ್ಯಾಸಿಗೆ ಬಂದಿದ್ದವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮದುವೆಗಳ ಸುಗ್ಗಿಯಲ್ಲಿ ಮೂವತ್ತೆರಡೂ ಒಟ್ಟಿಗೆ ಉರಿಯುತ್ತಿದ್ದಾಗ, ಏಳನೆಯ ಭಟ್ಟಿಯ ಹಿಂದಿನ ಗೋಡೆಯ ಬಳಿ ಕೊಟ್ರಮ್ಮನ ಕಾಲು ನಿಂತಿತು. ಹಾಲೇಶ ಕೆಲಸ ಮಾಡುವ ಭಟ್ಟಿ ಅದು. ಕುಂಬಳಕಾಯಿ ವಾಸನೆ ಇಷ್ಟು ದಟ್ಟವಾಗಿ ಎಂದೂ ಬಂದಿರಲಿಲ್ಲ; ನಾಲಿಗೆಯ ಮೇಲೆ ಕೂತ ಹಾಗೆ ಇತ್ತು.

"ಬಷೀರಣ್ಣ, ನಿಂಗೇನಾದ್ರೂ?"

"ಪಕ್ಕದಾಗೆ ಚರಂಡಿ ಐತಲ್ಲಕ್ಕ. ನಂಗಿಲ್ಲಿ ಯಾವತ್ತೂ ಚಪ್ಪಲಿ ಅಂಗಡಿನೇ. ಹೊಸದಾಗಿ ಏನಾದ್ರೂ ಸೇರಿದ್ರೂ ಗೊತ್ತಾಗಲ್ಲ."

ಮೀಟರು ಸೊನ್ನೆ. ಅವಳು ಫೋನು ಮಾಡಿದಳು.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಇಡೀ ಊರಿನ ಪೈಪುಗಳು ಹಸಿರು ಗೆರೆಗಳಾಗಿ ಹೊಳೆಯುತ್ತಿದ್ದವು. ಪಂಚಾಕ್ಷರಯ್ಯ ಭಟ್ಟಿ ಸಾಲಿನ ಗೆರೆಯನ್ನು ದೊಡ್ಡದು ಮಾಡಿ ನೋಡಿದರು. "ಒತ್ತಡ ಸರಿ ಐತಮ್ಮ. ಒಂದು ಕೂದಲೆಳೆ ಇಳಿದಿಲ್ಲ. ನಿನ್ನ ಮೀಟರು ಏನು ಹೇಳುತ್ತೆ?"

"ಸೊನ್ನೆ ಸರ್. ಆದ್ರೆ ವಾಸನೆ..."

"ಐದನೇ ಕರೆ ಅಂತ ಬರೀಲಾ? ಯೋಚ್ನೆ ಮಾಡಿ ಹೇಳು. ಬರೆದ ಮೇಲೆ ನನ್ನ ಕೈಯಾಗೆ ಏನೂ ಇರಲ್ಲ."

"ಹತ್ತು ನಿಮಿಷ ಬಿಟ್ಟು ಮಾಡ್ತೀನಿ ಸರ್."

ಅವಳು ಗೋಡೆಗೆ ಕೈ ಕೊಟ್ಟು ನಿಂತಳು. ಒಳಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುವ ಸದ್ದು. ಗಂಡ ಬೆವರು ಒರೆಸುತ್ತ ಹೊರಗೆ ಬಂದ.

"ಏನಾತೇ? ಯಾಕೆ ಹಿಂಗೆ ನಿಂತೀಯ?"

"ರೀ, ನಾನು ಪರೀಕ್ಷೇಲಿ ಮೋಸ ಮಾಡೀನಿ," ಅಂದಳು. "ಸೀಸೆ ಮೂಸಿ ಹೇಳ್ಲಿಲ್ಲ. ಸಾಹೇಬ್ರ ಮುಖ ನೋಡಿ ಹೇಳ್ದೆ. ನಂಗೆ ಮೂಗೇ ಹುಟ್ಟಿಲ್ವೇನೋ. ಈಗ ಇಲ್ಲಿ ವಾಸನೆ ಬರ್ತೈತೆ. ಅದು ನಿಜವೋ, ನನ್ನ ತಲೆಯೊಳಗಿಂದೋ, ಗೊತ್ತಾಗ್ತಿಲ್ಲ."

ಹಾಲೇಶ ಏನೋ ಹೇಳಹೋದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಹೊರಟದ್ದನ್ನು ಬಿಟ್ಟು, "ಈಗೇನ್ ಮಾಡ್ತೀ?" ಅಂದ.

ಮುಖ ಕಂಡರೆ ನಾನು ಮುಖ ಓದುತ್ತೇನೆ, ಗೋಡೆ ಕಂಡರೆ ಗೋಡೆ ನೋಡಿ ಊಹಿಸುತ್ತೇನೆ ಅನ್ನಿಸಿತು ಅವಳಿಗೆ. ಏನೂ ಕಾಣದ ಹಾಗೆ ಮಾಡಿದರೆ? ಬಷೀರನ ಕೊರಳಲ್ಲಿದ್ದ ಟವೆಲು ಇಸಿದುಕೊಂಡು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡಳು. "ನನ್ನ ನಾಲ್ಕು ಸುತ್ತು ತಿರುಗಿಸಿ ಎತ್ಲಾಗಾದ್ರೂ ನಡೆಸ್ಕೊಂಡು ಹೋಗ್ರಿ. ಮಾತಾಡಬ್ಯಾಡ್ರಿ. ವಾಸನೆ ಜೋರಾದಲ್ಲಿ ನಾನೇ ನಿಲ್ತೀನಿ. ಬಷೀರಣ್ಣ, ನಿಂತಲ್ಲಿ ಇಟ್ಟಿಗೆ ಇಡು."

ಹಾಲೇಶ ಹೆಂಡತಿಯ ಮೊಣಕೈ ಹಿಡಿದು ಹಿತ್ತಲಿನ ಬಯಲಲ್ಲಿ ಸುತ್ತಿಸಿದ. ಜರಡಿ ಹಿಡಿದಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಅವಳು ನಿಂತಳು. ಇಟ್ಟಿಗೆ ಇಟ್ಟರು. ಮತ್ತೆ ತಿರುಗಿಸಿ ಬೇರೆ ದಿಕ್ಕಿನಿಂದ ಕರೆತಂದರು. ನಿಂತಳು. ಎರಡನೆಯ ಇಟ್ಟಿಗೆ ಮೊದಲನೆಯದರಿಂದ ಒಂದು ಮೊಳ ದೂರಕ್ಕೆ ಬಿತ್ತು. ಬಷೀರನ ಹುಬ್ಬು ಮೇಲೇರಿತು. ಮೂರನೆಯ ಸಲ ಅವಳು ನಲವತ್ತು ಹೆಜ್ಜೆ ಆಚೆ, ಹದಿನಾಲ್ಕನೆಯ ಭಟ್ಟಿಯ ಉಗ್ರಾಣದ ಬಾಗಿಲಲ್ಲಿ ನಿಂತಳು.

ಅವಳು ಟವೆಲು ಬಿಚ್ಚಿ ನೋಡಿದಳು. "ಎಲ್ಲಿಂದೆಲ್ಲಿಗೆ? ಬರೀ ಊಹೆ, ನೋಡಿ."

"ಇನ್ನೊಂದ್ಸಲ," ಅಂದ ಹಾಲೇಶ.

ನಾಲ್ಕನೆಯ ಇಟ್ಟಿಗೆ ಆ ಎರಡು ಜಾಗಗಳ ನಡುವೆ ಬಿತ್ತು. ಐದನೆಯದೂ ನಡುವೆಯೇ. ಹಾಲೇಶ ಹಿಂದೆ ಸರಿದು ಇಟ್ಟಿಗೆಗಳನ್ನು ನೋಡಿದ. ಅವು ಒಂದೇ ಗೆರೆಯಲ್ಲಿದ್ದವು. ಪೈಪು ಮುಂದಿನ ರಸ್ತೆಯಲ್ಲಿತ್ತು. ಈ ಗೆರೆ ಹಿತ್ತಲಲ್ಲಿ ಓರೆಯಾಗಿ ಹಾಯ್ದಿತ್ತು.

"ಕೊಟ್ರಿ," ಅಂದ ಅವನು ಮೆಲ್ಲಗೆ. "ಇಲ್ಲಿ ಹಿಂದೆ ಒಂದು ಕಾಲುವೆ ಇತ್ತು. ಭತ್ತ ನೆನೆಸಿದ ನೀರು ಹೋಗೋಕೆ. ಮುಂದಿನ ರಸ್ತೆಯಿಂದ ಶುರುವಾಗಿ ಇದೇ ದಾರಿ. ನೀನು ಈ ಸಾಲಿಗೆ ಬರೋದಕ್ಕೂ ಮುಂಚೆ ನಾವೇ ನಾಲ್ಕು ಜನ ಇದಕ್ಕೆ ಹೆಂಟೆ ಇಟ್ಟಿಗೆಚೂರು ತುಂಬಿ ಮುಚ್ಚಿದ್ದು."

ಹೆಂಟೆ, ಇಟ್ಟಿಗೆಚೂರು. ನಡುವೆ ಎಷ್ಟು ಸಂದಿ ಇರಬೇಕು! ರಸ್ತೆಯಡಿಯ ಪೈಪು ಆ ಕಾಲುವೆಯನ್ನು ದಾಟುವಲ್ಲಿ ಸೋರಿದ್ದರೆ, ಗ್ಯಾಸಿಗೆ ಅದು ತೆರೆದಿಟ್ಟ ಬಾಗಿಲು. ಕಾಲುವೆ ಮುಗಿಯುವುದು ಉಗ್ರಾಣದ ತಳದಲ್ಲಿ.

ಕೊಟ್ರಮ್ಮನಿಗೆ ಆಗಲೂ ಖಾತ್ರಿ ಇರಲಿಲ್ಲ. ಕಾಲುವೆಯ ಸಂಗತಿ ಅವಳಿಗೆ ಎಂದೋ ಕಿವಿಗೆ ಬಿದ್ದು, ನೆನಪಿಲ್ಲದೆ ಒಳಗೆ ಉಳಿದಿರಬಹುದು. ಕೈ ಹಿಡಿದು ನಡೆಸಿದವನಿಗೆ ಕಾಲುವೆ ಗೊತ್ತಿತ್ತು. ಅವನಿಗೇ ತಿಳಿಯದೆ ಅವನ ಕೈ ಅವಳನ್ನು ನಿಲ್ಲಿಸಿರಬಹುದು. ಹೀಗೆಲ್ಲ ಯೋಚಿಸುತ್ತಲೇ ಅವಳು ರಸ್ತೆಗೆ ಓಡಿ, ಕಬ್ಬಿಣದ ಮುಚ್ಚಳ ಎತ್ತಿ, ಕೀಲಿ ತೂರಿಸಿ ಮೂರು ಸುತ್ತು ತಿರುಗಿಸಿದಳು.

ಮೂವತ್ತೆರಡು ಒಲೆಗಳು ಒಂದರ ಹಿಂದೊಂದು ಆರಿದವು. ಸಾಲಿನುದ್ದಕ್ಕೂ ಕೂಗು ಎದ್ದಿತು. ಅರ್ಧ ಅರಳಿದ ಅಕ್ಕಿ ಮರಳಿನಲ್ಲೇ ಕಮರಿತು. "ಯಾವಳೇ ಅವಳು ಗ್ಯಾಸು ನಿಲ್ಲಿಸಿದೋಳು?" ಎಂದು ಮಾಲೀಕರು ಹೊರಗೆ ಬಂದರು. ಬಷೀರ ಎಲ್ಲರನ್ನೂ ರಸ್ತೆಯಾಚೆಗೆ ಅಟ್ಟಿದ. ಹಾಲೇಶ ಉಗ್ರಾಣದೊಳಗೆ ಚೀಲ ಹೊಲಿಯುತ್ತಿದ್ದ ಇಬ್ಬರನ್ನು ರಟ್ಟೆ ಹಿಡಿದು ಎಳೆದು ತಂದ. ಹೊರಡುವಾಗ ಅವರು ದೀಪ ಆರಿಸಲು ಗುಂಡಿಯತ್ತ ಕೈ ಎತ್ತಿದ್ದಾಗ, "ಮುಟ್ಟಬ್ಯಾಡ್ರೋ!" ಎಂದು ಅವನು ಕಿರುಚಿದ್ದು ರಸ್ತೆಯವರೆಗೂ ಕೇಳಿತು.

ಕಂಟ್ರೋಲ್ ರೂಮಿನ ಗೋಡೆಯಲ್ಲಿ ಒಂದು ಗೆರೆ ಕೆಂಪಾದ ಇಪ್ಪತ್ತು ನಿಮಿಷಕ್ಕೆ ಪಂಚಾಕ್ಷರಯ್ಯ ಗಾಡಿಯಿಂದ ಇಳಿದರು. ಬೈಯಲೂ ಇಲ್ಲ, ಸಿಟ್ಟು ಅಷ್ಟಿತ್ತು. ಉಗ್ರಾಣದ ಬಾಗಿಲಲ್ಲಿ ಬಗ್ಗಿ ತಮ್ಮ ಮೀಟರನ್ನು ನೆಲಕ್ಕೆ ಹಿಡಿದು ಅವಳಿಗೆ ತೋರಿಸಿದರು. ಸೊನ್ನೆ.

"ಮೇಲೆ ಹಿಡೀಬೇಡಿ ಸರ್. ಮೇಲೆ ಗಾಳಿ ಆಡ್ತೈತೆ. ಒಳಗೆ ಇಳಿಸಿ ನೋಡ್ರಿ."

ಗಾಡಿಯಲ್ಲಿ ಹಿತ್ತಾಳೆಯ ಸಲಾಕೆ ಇತ್ತು. ಕಬ್ಬಿಣದ್ದಾದರೆ ಕಿಡಿ ಹಾರುತ್ತದೆ. ಬಷೀರ ಮರದ ಕೊಡತಿಯಿಂದ ಅದನ್ನು ಮೂರನೆಯ ಇಟ್ಟಿಗೆಯ ಬಳಿ ಹೊಡೆದ. ಮೂರು ಅಡಿ ಇಳಿದ ಮೇಲೆ ಸಲಾಕೆ ತಾನೇ ಪೊಳ್ಳಿಗೆ ಜಾರಿತು. ಪಂಚಾಕ್ಷರಯ್ಯ ತೂತಿನೊಳಗೆ ಮೀಟರಿನ ಕೊಳವೆ ಬಿಟ್ಟರು.

ಅಂಕಿಗಳು ಓಡತೊಡಗಿದವು. ಓಡಿ ಓಡಿ ಮೀಟರು ಅಳೆಯುವ ಮಿತಿ ಮುಟ್ಟಿ, ಚೀರಿತು.

ಪಂಚಾಕ್ಷರಯ್ಯ ಉಸಿರು ಬಿಗಿ ಹಿಡಿದಿದ್ದರು. ಕೊಟ್ರಮ್ಮ ಅದನ್ನು ಕಂಡು ಅಲ್ಲೇ ನೆಲದ ಮೇಲೆ ಕೂತಳು.

ಮಾರನೆಯ ದಿನ ಭಟ್ಟಿ ಸಾಲಿನಿಂದ ಹಾರ ತಂದವರಿಗೆ ಅವಳು ಕೊರಳು ಕೊಡಲಿಲ್ಲ. ಸೀದಾ ತರಬೇತಿ ಕೇಂದ್ರಕ್ಕೆ ಹೋಗಿ ಮೆಹರುನ್ನಿಸಾ ಮತ್ತು ಪಂಚಾಕ್ಷರಯ್ಯನವರ ಮುಂದೆ ನಿಂತು ಎಲ್ಲ ಹೇಳಿದಳು.

"ನನ್ನ ಉಸಿರು ಎಣಿಸಿ ಪಾಸಾದ್ಯಾ?" ಅಂದರು ಪಂಚಾಕ್ಷರಯ್ಯ. ಅವರಿಗೆ ಅವಮಾನವಾಗಿತ್ತು. "ಸರ್ಟಿಫಿಕೇಟು ಇಟ್ಟು ಹೋಗು. ಸಮವಸ್ತ್ರಾನೂ."

"ಮೊದಲು ಪರೀಕ್ಷೆ ಮಾಡೋಣ," ಅಂದರು ಮೆಹರುನ್ನಿಸಾ. "ಈ ಸಲ ಮನುಷ್ಯರು ಬೇಡ."

ಒಂದು ಖಾಲಿ ಕೋಣೆ. ಗೋಡೆಯ ತೂತಿನಿಂದ ಯಂತ್ರವೇ ಸೀಸೆ ನೀಡುತ್ತಿತ್ತು. ಕೊಟ್ರಮ್ಮ ನಲವತ್ತು ಸೀಸೆ ಮೂಸಿದಳು. ಯಾವುದರಲ್ಲೂ ಕುಂಬಳಕಾಯಿ ಇರಲಿಲ್ಲ. ತೋಚಿದಂತೆ ಹೇಳಿದಳು. ನಲವತ್ತಕ್ಕೆ ಇಪ್ಪತ್ತೊಂದು ಸರಿ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಮನೆಯಲ್ಲಿ ಹಾಲೇಶ ಕೇಳಿದ, "ಹಂಗಾದ್ರೆ ಅವತ್ತು ಏನು ಮೂಸಿದೆ?"

"ನಂಗೆ ಗೊತ್ತಿದ್ರೆ ನಿಮಗೆ ಹೇಳ್ತಿರ್ಲಿಲ್ವಾ?"

"ನಾನು ಕಾಲುವೆ ಕಡೆ ನಿನ್ನ ಎಳೀಲಿಲ್ಲ. ದೇವರಾಣೆ. ಅವತ್ತು ಕಾಲುವೆ ನೆನಪೇ ಇರ್ಲಿಲ್ಲ ನಂಗೆ," ಅಂದ. ಆಮೇಲೆ, "ಇರ್ಲಿಲ್ಲ ಅಂತ ಅನ್ಕೊಂಡೀನಿ," ಎಂದು ಸೇರಿಸಿದ.

ನಾಲ್ಕು ದಿನ ಬಿಟ್ಟು ಮೆಹರುನ್ನಿಸಾ ಕರೆಕಳಿಸಿದರು. ಅದೇ ಕೋಣೆ, ಅದೇ ಯಂತ್ರ. ಎರಡನೆಯ ಸೀಸೆ ಮೂಗಿಗೆ ಬರುತ್ತಲೇ ಕೊಟ್ರಮ್ಮ ತಲೆ ಹಿಂದಕ್ಕೆ ಎಳೆದುಕೊಂಡಳು. ನಲವತ್ತಕ್ಕೆ ನಲವತ್ತು ಸರಿ ಹೇಳಿ ಹೊರಗೆ ಬಂದಾಗ ವೈದ್ಯೆ ಕನ್ನಡಕ ತೆಗೆದು ಒರೆಸುತ್ತಿದ್ದರು.

"ಹೋದ ಸಲ ಕೊಟ್ಟಿದ್ದು ಶುದ್ಧ ಮೀಥೇನ್. ತರಬೇತಿಯಲ್ಲೂ ಅದೇ. ಇವತ್ತಿನದು ಬೀದಿಯ ಪೈಪಿನಿಂದ ಹಿಡಿದು ತಂದಿದ್ದು, ಬೆರೆಸಿದ ನಾತವನ್ನು ಎರೆಮಣ್ಣಿನಲ್ಲಿ ಸೋಸಿ ತೆಗೆದು. ಪೈಪಿನ ಗ್ಯಾಸಿನಲ್ಲಿ ಮೀಥೇನ್ ಜೊತೆ ಚೂರು ಈಥೇನ್ ಇರುತ್ತೆ. ಚರಂಡಿಯಲ್ಲಿ, ಎಮ್ಮೆಯಲ್ಲಿ ಅದು ಇರಲ್ಲ. ನಿಮ್ಮ ಮೂಗು ನಾನು ಬೆಳೆಸಿದ ಹಾಗೆ ಬೆಳೀಲಿಲ್ಲ ಕೊಟ್ರಮ್ಮ. ಪಕ್ಕದ ದಾರಿ ಹಿಡೀತು, ಈಥೇನ್ ಮೂಸೋದನ್ನ ಕಲೀತು."

"ಹಂಗಂದ್ರೆ ಕೆಟ್ಟು ಹೋಗೈತಾ, ಒಳ್ಳೇದಾ?"

"ಬೇರೆಯವರದಕ್ಕಿಂತ ಒಳ್ಳೇದು. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಿಲ್ಲ. ಎಷ್ಟು ದಿನ ಉಳಿಯುತ್ತೆ ಅಂತಾನೂ ಗೊತ್ತಿಲ್ಲ." ಆಕೆ ಕನ್ನಡಕ ಹಾಕಿಕೊಂಡರು. "ನಿಮ್ಮ ನಾಲ್ಕು ಸುಳ್ಳು ಕರೆಗಳ ಜಾಗ ನೆನಪಿದೆಯಾ?"

ಪಂಚಾಕ್ಷರಯ್ಯ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದರು. ಮೊದಲು ಹೊರಟವರು ಅವರೇ.

ಸರ್ಟಿಫಿಕೇಟು ರದ್ದಾಗಿದ್ದರಿಂದ ಕೊಟ್ರಮ್ಮ ಸೀರೆಯುಟ್ಟೇ ಗಾಡಿಯಲ್ಲಿ ಕೂತಳು. ಫೋಟೋ ಕಟ್ಟಿನ ಅಂಗಡಿಯ ಸಂದಿಯಲ್ಲಿ ಮೊದಲ ತೂತಿಗೇ ಮೀಟರು ಚೀರಿತು. ಹಿಟ್ಟಿನ ಗಿರಣಿಯ ಮುಂದೆಯೂ ಅಷ್ಟೇ, ಸಣ್ಣ ಸೋರಿಕೆ. ಛತ್ರದ ಹಿತ್ತಲಲ್ಲಿ ಆರು ತೂತು ಹೊಡೆದರೂ ಏನೂ ಇರಲಿಲ್ಲ, ಅವಳ ಮೂಗಿಗೂ ಏನೂ ಬರಲಿಲ್ಲ. ಆ ದಿನ ಅಲ್ಲಿ ಏನಿತ್ತು, ಎಲ್ಲಿಗೆ ಹೋಯಿತು? ಯಾರಿಗೂ ತಿಳಿಯಲಿಲ್ಲ. ಪಂಚಾಕ್ಷರಯ್ಯ ಏನೂ ಬರೆದುಕೊಳ್ಳದೆ ಪುಸ್ತಕ ಮುಚ್ಚಿದರು.

ಲೀಲಾವತಕ್ಕನ ಮನೆಗೆ ಹೋದಾಗ ಬೆಳಗಿನ ಹನ್ನೊಂದು ಗಂಟೆ. ನಡುಮನೆಯಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು. ಆರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಮೆಟ್ಟಿಲ ಬಳಿಯೇ ಕೊಟ್ರಮ್ಮನ ಮೂಗಿಗೆ ಕುಂಬಳಕಾಯಿ ಬಡಿಯಿತು.

"ಒಲೆ ಆರಿಸಿ ಎಲ್ಲರೂ ಹೊರಗೆ ಬರ್ರಿ ಅಕ್ಕ."

ಲೀಲಾವತಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಹೋದ್ಸಲಾನೂ ಬಂದು ಹಿಂಗೇ ಅಂದು ಹೋದ್ರಿ. ಆಮೇಲೆ ಏನೂ ಇಲ್ಲ ಅಂದ್ರಿ. ಇನ್ನೂರು ರೊಟ್ಟಿ ಒಂದು ಗಂಟೆಗೆ ಹೋಗ್ಬೇಕು. ಈ ಸಲ ಖಾತ್ರಿನಾ ನಿಂಗೆ?"

ಗಾಡಿಯ ಬಳಿ ನಿಂತವರೆಲ್ಲ ಕೊಟ್ರಮ್ಮನ ಕಡೆ ನೋಡಿದರು. ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು.

"ಇಲ್ಲಕ್ಕ," ಅಂದಳು. "ಖಾತ್ರಿ ಇಲ್ಲ. ಬರೋ ದಾರ್ಯಾಗೆ ಒಂದು ಕಡೆ ಸುಳ್ಳಾಗೈತೆ. ಹಿಂದೆ ಒಂದ್ಸಲ ಬೇಕಂತಾನೇ ಸುಳ್ಳು ಹೇಳೀನಿ. ಆದ್ರೆ ಈಗ ವಾಸನೆ ಬರ್ತೈತೆ. ಹೊರಗೆ ಬರ್ರಿ."

ಲೀಲಾವತಕ್ಕ ಅವಳನ್ನೇ ದಿಟ್ಟಿಸಿದರು. ಆಮೇಲೆ ತಿರುಗಿ, "ಆರಿಸ್ರೇ," ಅಂದರು. ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬೇವಿನ ಮರದ ನೆರಳಿಗೆ ಸಾಲಾಗಿ ನಿಂತರು.

ಮೆಟ್ಟಿಲ ಬಲಕ್ಕೆ ಹೊಡೆದ ತೂತಿನಲ್ಲಿ ಮೀಟರು ಸೊನ್ನೆ ತೋರಿಸಿತು. ಎಡಕ್ಕೆ ಹೊಡೆದರು, ಸೊನ್ನೆ. ಗೋಡೆಯ ಮೂಲೆಗೆ ಹೊಡೆದರು, ಸೊನ್ನೆ. ಬಷೀರ ಕೊಡತಿ ಕೆಳಗಿಟ್ಟು ಅಂಗೈ ನೋಡಿಕೊಂಡ, ಬೊಕ್ಕೆ ಎದ್ದಿತ್ತು. ಮರದಡಿಯಿಂದ ಯಾರೋ, "ಹಿಟ್ಟು ಆರೋಗ್ತೈತೆ," ಅಂದರು.

ಕೊಟ್ರಮ್ಮ ಕಣ್ಣು ಮುಚ್ಚಿದಳು. ವಾಸನೆ ಇತ್ತು. ಕಣ್ಣು ಬಿಟ್ಟಳು, ಆಗಲೂ ಇತ್ತು. ಇದು ಪೈಪಿನದೋ, ಒಳಗೆ ಯಾರಾದರೂ ಪಲ್ಯಕ್ಕೆ ಹೆಚ್ಚಿಟ್ಟ ಕಾಯಿಯದೋ, ಭಯದ್ದೋ? ಮೀಟರಿನ ಕಡೆ ನೋಡಲಿಲ್ಲ. ಪಂಚಾಕ್ಷರಯ್ಯನವರ ಮುಖದ ಕಡೆಗೂ ನೋಡಲಿಲ್ಲ.

"ಇನ್ನೂ ಬರ್ತೈತೆ ಸರ್," ಅಂದಳು ನೆಲ ನೋಡುತ್ತ.

ಪಂಚಾಕ್ಷರಯ್ಯ ಅಂಗಿಯ ತೋಳು ಮೇಲಕ್ಕೆ ಮಡಚಿದರು. ನೆಲದ ಮೇಲಿದ್ದ ಸಲಾಕೆಯನ್ನೂ ಕೊಡತಿಯನ್ನೂ ತಾವೇ ಎತ್ತಿಕೊಂಡರು.

"ಎಲ್ಲಿ ಹೊಡೀಲಿ?" ಎಂದು ಕೇಳಿದರು.